ಇಂಜಿನೀಯರ ಸಾಹೇಬರ ವಿಶ್ರಾಂತಿ

ದುಡಿಮೆಯ ಕಾಲದಲ್ಲಿ ಮನುಷ್ಯನನ್ನು ಅಳೆಯುವುದು ಸುಲಭ. ಅವನು ಏರಿದ ಹುದ್ದೆ, ಪಡೆದ ಸಂಬಳ, ಗಳಿಸಿದ ಮಾನಮರ್ಯಾದೆ ಇವೇ ಅವನ ಅಳತೆಗೋಲುಗಳಾಗುತ್ತವೆ. ಆದರೆ ಹುದ್ದೆಯ ಪೋಷಾಕನ್ನು ಕಳಚಿಟ್ಟು, ಮನೆಯ ಪಡಸಾಲೆಯಲ್ಲಿ ಬರಿಯ ಮನುಷ್ಯನಾಗಿ ಕುಳಿತವನನ್ನು ಯಾವ ಕೋಲಿನಿಂದ ಅಳೆಯಬೇಕು? ಸರ್ ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರಕಾರದ ಚಾಕರಿಯಿಂದ ನಿವೃತ್ತರಾದಾಗ ಅವರ ಜೀವಿತದ ದೊಡ್ಡ ಅಧ್ಯಾಯಗಳೆಲ್ಲ ಇನ್ನೂ ಮುಂದೆಯೇ ಇದ್ದವು. ಮರುವರ್ಷ ಅವರು ಮೈಸೂರಿನ ಮುಖ್ಯ ಇಂಜಿನೀಯರರಾದರು, 1912ರಲ್ಲಿ ದಿವಾನರಾದರು. ಅಂಥವರ ನಿವೃತ್ತಿಯು ಚರಿತ್ರೆಗೆ ಸೇರಿದ ಸಂಗತಿ. ಆದರೆ ಅದೇ ವೃತ್ತಿಯಲ್ಲಿ ಸವೆದು, ಅದೇ ಕಟ್ಟುನಿಟ್ಟನ್ನು ಕಲಿತು, ಕೊನೆಗೆ ಮನೆಗೆ ಬಂದು ಮಕ್ಕಳು ಮೊಮ್ಮಕ್ಕಳ ನಡುವೆ ಉಳಿದ ಆಯುಷ್ಯವನ್ನು ಕಳೆದವರು ಸಾವಿರಾರು ಜನ. ಚರಿತ್ರೆಯು ಅವರ ಬಾಗಿಲಿಗೆ ಬರುವುದಿಲ್ಲ. ಬಂದರೂ ಅವರೇ ಅದನ್ನು ಕಟ್ಟೆಯ ಮೇಲೆ ಕುಳ್ಳಿರಿಸಿ, ಒಂದು ಕಪ್ಪು ಚಹಾ ಕೊಟ್ಟು ಕಳುಹಿಸಿಬಿಟ್ಟಾರು.

ಜಮಖಂಡಿಯಲ್ಲಿ ಅಂಥವರೊಬ್ಬರು ಇದ್ದರು. ಅವರ ಹೆಸರನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ಓಣಿಯ ಜನರೂ ಅದನ್ನು ಬಳಸುತ್ತಿರಲಿಲ್ಲ. ಹಿರಿಯರಿಗೆ ಅವರು ‘ಇಂಜಿನೀಯರ ಸಾಹೇಬರು’, ಕಿರಿಯರಿಗೆ ‘ಮುತ್ಯಾ’. ಹುಟ್ಟಿದ್ದು ಬೀಳಗಿ ಸೀಮೆಯ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಆಗ ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದರೆ, ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ. ಕೆಲವು ಹರದಾರಿಗಳೊಳಗೆ ಮೂರು ರಾಜ್ಯಾಡಳಿತಗಳು! ಹುಡುಗನು ಬುತ್ತಿಯ ಗಂಟನ್ನು ಹೊತ್ತು ಬ್ರಿಟಿಷ ಮುಲುಕಿನಿಂದ ಸಂಸ್ಥಾನಕ್ಕೆ ಬಂದು, ತತ್ತ್ವಜ್ಞಾನಿ ಗುರುದೇವ ರಾನಡೆಯವರು ಓದಿದ ಪರಶುರಾಮಭಾವೂ ಹಾಯಸ್ಕೂಲಿನಲ್ಲಿಯೇ ಓದಿದನು. ಅವನು ಓದುತ್ತಿರುವಾಗಲೇ, 1948ರಲ್ಲಿ, ಸಂಸ್ಥಾನಗಳು ವಿಲೀನವಾದವು. ಮುಂದೆ ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾಗಿದ್ದ ಭೂಮರಡ್ಡಿ ಇಂಜಿನೀಯರಿಂಗ ಕಾಲೇಜು. ಆಮೇಲೆ ಮುಂಬಯಿ ರಾಜ್ಯದ ಚಾಕರಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ಆ ಚಾಕರಿಯೇ ಮೈಸೂರು ರಾಜ್ಯದ್ದಾಯಿತು. “ಕುರ್ಚಿ ಬದಲಾಗಲಿಲ್ಲ, ರಾಜ್ಯ ಬದಲಾಯಿತು” ಎಂದು ಅವರು ನಗುತ್ತಿದ್ದರು.

ಅವರ ದುಡಿಮೆಯೆಲ್ಲ ನೀರಿನದು. ಘಟಪ್ರಭೆಯ ಕಾಲುವೆಗಳ ಮೇಲೆ ಕೆಲವು ವರ್ಷ, ಕೃಷ್ಣೆಯ ಕಣಿವೆಯ ಅಳತೆಯಲ್ಲಿ ಕೆಲವು ವರ್ಷ. ಡೇರೆಯಲ್ಲಿ ವಾಸ, ಜೀಪಿನಲ್ಲಿ ತಿರುಗಾಟ. ಐವತ್ತೆಂಟು ತುಂಬಿ ನಿವೃತ್ತರಾಗಿ ಬಂದಾಗ ಎರಡು ತಗಡಿನ ಪೆಟ್ಟಿಗೆಗಳ ಹೊರತು ಅವರೊಡನೆ ಏನೂ ಇರಲಿಲ್ಲ. ಸರಕಾರದ ಒಂದು ಪೆನ್ಸಿಲ್ಲನ್ನೂ ಅವರು ತರಲಿಲ್ಲವೆಂದು ಹೆಂಡತಿ ಹೇಳುತ್ತಿದ್ದರು. ಅದು ಮೆಚ್ಚುಗೆಯೋ ದೂರೋ ತಿಳಿಯುತ್ತಿರಲಿಲ್ಲ. ಮೊದಲನೆಯ ತಿಂಗಳು ಸಾಹೇಬರು ಮನೆಯಲ್ಲಿ ಬಂದ ಬೀಗರಂತೆ ಕುಳಿತಿದ್ದರು. ಯಾವ ಡಬ್ಬಿಯಲ್ಲಿ ಸಕ್ಕರೆ, ಯಾವುದರಲ್ಲಿ ಉಪ್ಪು ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಎರಡನೆಯ ತಿಂಗಳಲ್ಲಿ ಅವರು ಅಂಗಳದ ನಡುವೆ, ಗಿಡದ ನೆರಳೂ ಗೋಡೆಯ ಮರೆಯೂ ಬೀಳದ ಕಡೆ, ಒಂದು ಗಿಡ್ಡ ಕಟ್ಟೆ ಕಟ್ಟಿಸಿ ಮಳೆಮಾಪಕವನ್ನಿಟ್ಟರು. ಅಲ್ಲಿಂದ ಅವರ ಎರಡನೆಯ ಜೀವಿತವು ಆರಂಭವಾಯಿತೆಂದು ಹೇಳಬಹುದು.

ಮಳೆಮಾಪಕವೆಂದರೆ ದೊಡ್ಡ ಯಂತ್ರವೇನಲ್ಲ: ಒಂದು ಲಾಳಿಕೆ, ಅದರ ಕೆಳಗೆ ಒಂದು ಸೀಸೆ, ಅಳೆಯಲು ಗೆರೆಗಳುಳ್ಳ ಒಂದು ಗಾಜಿನ ಪಾತ್ರೆ. ಪ್ರತಿದಿನ ಮುಂಜಾನೆ ಎಂಟೂವರೆಗೆ ಸಾಹೇಬರು ಸೀಸೆಯನ್ನು ತೆಗೆದು ನೋಡುವರು. ಮಳೆ ಬಿದ್ದಿದ್ದರೆ ಅದರ ಅಳತೆ. ಬೀಳದಿದ್ದರೆ ಒಂದು ಸೊನ್ನೆ. ವರ್ಷಕ್ಕೆ ಸರಾಸರಿ ಸುಮಾರು 22 ಅಂಗುಲ ಮಳೆಯಾಗುವ ಈ ಸೀಮೆಯಲ್ಲಿ ಅವರ ವಹಿಯ ತುಂಬ ಸೊನ್ನೆಗಳೇ ಇರುತ್ತಿದ್ದವು. “ಬೀಳದ ಮಳೆಯನ್ನೂ ಬರೆದಿಡುವುದೇಕೆ?” ಎಂದು ನೆರೆಯವರು ಕೇಳಿದರೆ, “ಸೊನ್ನೆಯೂ ಒಂದು ಅಳತೆಯೇ. ಬರ ಬಂದದ್ದು ತಿಳಿಯುವುದು ಸೊನ್ನೆ ಬರೆದಿಟ್ಟವನಿಗೆ ಮಾತ್ರ” ಎನ್ನುವರು. 1876-77ರ ಕ್ಷಾಮದಲ್ಲಿ ವಿಜಾಪುರ ಸೀಮೆಯು ಹಾಳುಬಿದ್ದ ಕಥೆಯನ್ನು ಅವರು ತಮ್ಮ ಅಜ್ಜಿಯ ಬಾಯಿಂದ ಕೇಳಿ ಬೆಳೆದವರು. ಆ ಕಥೆಯೇ ತಮ್ಮನ್ನು ನೀರಿನ ಕೆಲಸಕ್ಕೆ ಹಚ್ಚಿತೆಂದು ಅವರ ನಂಬಿಕೆ. ಸುತ್ತಲಿನ ರೈತರು ಬಿತ್ತಿಗೆಯ ಕಾಲಕ್ಕೆ ಬಂದು, “ಸಾಹೇಬ್ರ, ಹೋದ ವರ್ಷ ಈ ಮಳಿಗೆ ಎಷ್ಟ ಆಗಿತ್ರಿ?” ಎಂದು ಕೇಳುವರು. ವಹಿಯ ಹಾಳೆ ತಿರುವಿ ಉತ್ತರ ಹೇಳುವಾಗ ಅವರ ಮುಖದ ಮೇಲೆ ಮೂಡುತ್ತಿದ್ದ ತೃಪ್ತಿಯನ್ನು ಯಾವ ಬಡತಿಯೂ ಅವರಿಗೆ ಕೊಟ್ಟಿರಲಾರದು.

ಎರಡನೆಯ ಹವ್ಯಾಸವು ಗಡಿಯಾರಗಳದು. ರಬಕವಿ, ಬನಹಟ್ಟಿಗಳ ನೇಕಾರರ ಮನೆಗಳಲ್ಲಿ ಅಜ್ಜಂದಿರ ಕಾಲದ ಗೋಡೆಗಡಿಯಾರಗಳು ಇನ್ನೂ ಉಳಿದಿದ್ದವು. ನಿಂತವುಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿ ಸಾಹೇಬರ ಮನೆಗೆ ತರುವರು. ಸಾಹೇಬರು ಅವನ್ನು ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ, ಹದಿನೈದು ದಿನ ತಮ್ಮ ಗೋಡೆಯ ಮೇಲೆಯೇ ನಡೆಯಿಸಿ ನೋಡಿ, ಆಮೇಲೆ ಮರಳಿಸುವರು. ಬೇಸಿಗೆಯಲ್ಲಿ ಗಡಿಯಾರವು ಹಿಂದೆ ಬೀಳುವುದೇಕೆಂದು ಮೊಮ್ಮಕ್ಕಳಿಗೆ ಅವರು ತಿಳಿಸುತ್ತಿದ್ದ ಬಗೆಯು ಸೊಗಸಾಗಿತ್ತು: ಕಾವಿಗೆ ಲೋಲಕದ ಸರಳು ಉದ್ದವಾಗುತ್ತದೆ, ಉದ್ದವಾದದ್ದು ನಿಧಾನವಾಗಿ ತೂಗುತ್ತದೆ, ಉಕ್ಕಿನ ಸರಳಾದರೆ ಉಷ್ಣವು 10 ಅಂಶ ಏರಿದಾಗ ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ, ಕೆಳಗಿನ ತಿರುಪನ್ನು ಒಂದಿಷ್ಟು ಏರಿಸಿದರೆ ಸರಿಹೋಗುತ್ತದೆ. “ಅಂದರ ಗಡಿಯಾರಕ್ಕೂ ಬ್ಯಾಸಗಿ ತಡಿಯಂಗಿಲ್ಲೇನ ಮುತ್ಯಾ?” ಎಂದು ಕಿರಿಯ ಮೊಮ್ಮಗಳು ಕೇಳಿದಳಂತೆ. “ತಡಿತದವ್ವಾ, ಆದರ ಅದನ್ನ ನೋಡಿಕೊಳ್ಳಾವರು ಬೇಕು” ಎಂಬುದು ಮುತ್ಯಾನ ಉತ್ತರ. ಈ ಕೆಲಸಕ್ಕೆ ಅವರು ಹಣ ಮುಟ್ಟುತ್ತಿರಲಿಲ್ಲ. ಗಡಿಯಾರವನ್ನು ಮರಳಿಸಲು ತಾವೇ ಹೋಗಿ, ನೇಕಾರರ ಮನೆಯಲ್ಲಿ ಚುರುಮುರಿ ತಿಂದು, ಮಗ್ಗದ ಸಪ್ಪಳವನ್ನು ಅರ್ಧ ತಾಸು ಕೇಳುತ್ತ ಕುಳಿತು ಬರುವರು. ಹಾಸಿನ ಎಳೆಗಳನ್ನು ಒಂದೊಂದಾಗಿ ಎಣಿಸಿ ಜೋಡಿಸುವ ಆ ಕಸುಬಿನ ಮೇಲೆ ಅವರಿಗೆ ಒಡಹುಟ್ಟಿದವರ ಮೇಲಿನಂಥ ಅಕ್ಕರೆ.

ಆದರೆ ಅವರ ನಿಜವಾದ ಹವ್ಯಾಸವು ಮನೆಯೇ ಆಗಿತ್ತು. ಮೂವರು ಮಕ್ಕಳು ಹುಟ್ಟಿದಾಗ ಒಮ್ಮೆಯೂ ಅವರು ಹತ್ತಿರವಿರಲಿಲ್ಲ. ಮಕ್ಕಳ ಜ್ವರ, ಪರೀಕ್ಷೆ, ಅತ್ತೆಯ ಕೊನೆಯ ಬೇನೆ ಎಲ್ಲವನ್ನೂ ಹೆಂಡತಿಯು ಒಬ್ಬಳೇ ನಿಭಾಯಿಸಿದ್ದಳು. ಆ ಲೆಕ್ಕವನ್ನು ಸಾಹೇಬರು ಯಾವ ವಹಿಯಲ್ಲಿಯೂ ಬರೆದಿರಲಿಲ್ಲ, ಮರೆತಿರಲೂ ಇಲ್ಲ. ಒಂದು ದಿನ ಅಡಿಗೆಯ ಮನೆಯಲ್ಲಿ ಆಕೆಯು ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡು, “ಒಲೆಯ ಕಟ್ಟೆ ತಗ್ಗಾಗಿದೆ” ಎಂದರು. “ಮೂವತ್ತ ವರ್ಷ ಆತ್ರಿ ತಗ್ಗ ಆಗಿ. ನಿಮ್ಮ ಕಾಲವಿಗೆ ಅಳತಿ ಐತಿ, ನನ್ನ ಒಲಿಗೆ ಇಲ್ಲೇನ್ರೀ?” ಎಂದು ಆಕೆ ನಕ್ಕಳು. ಸಾಹೇಬರು ನಗಲಿಲ್ಲ. ಮರುದಿನ ಟೇಪು ಹಿಡಿದು ಆಕೆಯ ಮೊಣಕೈಯ ಎತ್ತರವನ್ನು ಅಳೆದರು. ಗವಂಡಿಯನ್ನು ಕರೆಯಿಸಿ ನಿಂತು ಅಡಿಗೆ ಮಾಡುವ ಕಟ್ಟೆಯನ್ನು ಕಟ್ಟಿಸಿದರು. ಹೊಗೆ ಹೋಗಲು ಗೋಡೆಯಲ್ಲಿ ಕಿಂಡಿ ತೆರೆಸಿದರು. ಬಾವಿಯ ಗಡಗಡೆಗೆ ಹೊಸ ಗಾಲಿ ಹಾಕಿದರು. ಪ್ರೀತಿಯ ಮಾತುಗಳನ್ನು ಆಡಲು ಬಾರದ ಗಂಡಸರು ನಮ್ಮ ಕಡೆಯ ಮನೆಗಳಲ್ಲಿ ಕಡಿಮೆಯಿಲ್ಲ. ಸಾಹೇಬರಿಗೆ ಆ ಮಾತುಗಳು ಅಂಗುಲಗಳಲ್ಲಿ ಮಾತ್ರ ಬರುತ್ತಿದ್ದವು. ಮುಂದೆ ಆಕೆಯ ಕಣ್ಣು ಮಂಜಾದಾಗ ಪ್ರತಿದಿನ ಸಂಜೆ ಒಂದು ತಾಸು ಅವರು ಗಟ್ಟಿಯಾಗಿ ಪುಸ್ತಕ ಓದಿ ಹೇಳುವರು. ಓದುವುದರಲ್ಲಿ ಅವರಿಗೆ ಏರಿಳಿತವಿರಲಿಲ್ಲ. ಅಂದಾಜುಪತ್ರಿಕೆಯನ್ನು ಓದಿದಂತೆಯೇ ಕಥೆಯನ್ನೂ ಓದುವರು. ಆದರೂ ಆಕೆಯು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ.

ಮೊಮ್ಮಕ್ಕಳನ್ನು ಅವರು ರವಿವಾರಕ್ಕೊಮ್ಮೆ ತಿರುಗಾಟಕ್ಕೆ ಕರೆದೊಯ್ಯುವರು. ಅವರ ಮೆಚ್ಚಿನ ಸ್ಥಳವು ಚಿಕ್ಕಪಡಸಲಗಿಯ ಬಾಂದಾರ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿಕೊಂಡ ಆ ಬಾಂದಾರವನ್ನು ಜನರು ‘ಶ್ರಮಬಿಂದು ಸಾಗರ’ವೆಂದು ಕರೆದರು. ಸರಕಾರದ ಇಂಜಿನೀಯರರಾಗಿ ಬಾಳಿದವರು ರೈತರ ಕಟ್ಟಡವನ್ನು ಕಂಡು ಮೂಗು ಮುರಿದಾರೆಂದು ಜನರು ತಿಳಿದಿದ್ದರು. ಸಾಹೇಬರು ಮಾತ್ರ ಅದರ ಮುಂದೆ ಟೊಪ್ಪಿಗೆ ತೆಗೆದು ನಿಲ್ಲುವರು. “ನಾವು ಕಾಗದ ಮಾಡುತ್ತ ಕುಳಿತಿದ್ದೆವು, ಇವರು ಕಲ್ಲು ಹೊತ್ತರು” ಎನ್ನುವರು. ಅಲ್ಲಿಯೇ ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು, ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಹೇಗೆ ಬರುತ್ತದೆ, ಗೋಕಾವಿಯಲ್ಲಿ ಧುಮುಕಿದ ಘಟಪ್ರಭೆಯು ಮುಧೋಳವನ್ನು ಹಾಯ್ದು ಚಿಕ್ಕಸಂಗಮದಲ್ಲಿ ಅದನ್ನು ಹೇಗೆ ಕೂಡುತ್ತದೆ, ಕೂಡಲಸಂಗಮದಲ್ಲಿ ಮಲಪ್ರಭೆಯು ಹೇಗೆ ಬಂದು ಸೇರುತ್ತದೆ ಎಂಬುದನ್ನು ತೋರಿಸುವರು. “ನದಿಯ ನೀರು ನಮ್ಮ ಅಂಗಳದ ಮಳೆಯಲ್ಲ, ಸಹ್ಯಾದ್ರಿಯ ಮಳೆ. ನಮ್ಮಲ್ಲಿ ಸೊನ್ನೆ ಇದ್ದಾಗಲೂ ಹೊಳೆ ತುಂಬೀತು” ಎಂದು ಹೇಳಿ ಗೆರೆಯನ್ನು ಮುಂದಕ್ಕೆಳೆದು, ಆಲಮಟ್ಟಿಯೆಂದು ಒಂದು ಕಲ್ಲನ್ನಿಟ್ಟು, ಸುಮ್ಮನಾಗುವರು. ಆ ಕಲ್ಲಿನ ಹಿಂದೆ ಅವರ ಊರಿತ್ತು.

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಮುಂದೆ ನೀರು ನಿಲ್ಲುವ ಪ್ರದೇಶದ ಮಟ್ಟ ತೆಗೆಯುವ ಕೆಲಸದಲ್ಲಿ ಸಾಹೇಬರೂ ಇದ್ದರು. ಇಷ್ಟು ಎತ್ತರಕ್ಕೆ ನೀರು ನಿಂತರೆ ಎಲ್ಲಿಯವರೆಗೆ ಮುಳುಗಡೆ ಎಂಬುದನ್ನು ತೋರಿಸುವ ರೇಖೆಯೊಂದು ಭೂಮಿಯ ಮೇಲೆ ಹಾವಿನಂತೆ ಹರಿದಾಡುತ್ತ, ಹೊಲಗಳನ್ನು ದಾಟಿ, ಊರ ಅಗಸಿಗಳನ್ನು ಬಳಸಿ ಹೋಗುತ್ತದೆ. ಕಲ್ಲು ನೆಡುತ್ತ ನಡೆದ ತರುಣ ಇಂಜಿನೀಯರರು ಒಂದು ದಿನ ತಮ್ಮ ತಂದೆಯ ಕಣಕ್ಕೆ ಬಂದರು. ರೇಖೆಯು ಕಣದ ಆಚೆಗೆ ಹೋಯಿತು. ಮನೆ, ಬಾವಿ, ಹನಮಪ್ಪನ ಗುಡಿ ಎಲ್ಲವೂ ಒಳಗೆ ಬಿದ್ದವು. ಮಟ್ಟವನ್ನು ಅವರು ಎರಡು ಸಲ ತೆಗೆದರು. ಎರಡು ಸಲವೂ ಅಂಕೆ ಒಂದೇ. ತಾಯಿ ಕೊಟ್ಟ ಮಜ್ಜಿಗೆ ಕುಡಿದು, ಏನನ್ನೂ ಹೇಳದೆ ಮುಂದಿನ ಕಲ್ಲು ನೆಡಲು ನಡೆದರು.

ಆಣೆಕಟ್ಟಿನ ಕೆಲಸವು ಬಹು ನಿಧಾನವಾಗಿ ಸಾಗಿದ್ದರಿಂದ ಆ ರೇಖೆಯು ಒಂದು ತಲೆಮಾರಿನ ಕಾಲ ಕಾಗದದ ಮೇಲೆಯೇ ಉಳಿಯಿತು. ಜನರು ಮರೆತಿದ್ದರು. ಬಾಗಲಕೋಟೆಯು 1997ರಲ್ಲಿ ಬೇರೆ ಜಿಲ್ಲೆಯಾದ ಆಚೆಈಚೆಯ ವರ್ಷಗಳಲ್ಲಿ ನೀರು ಏರತೊಡಗಿತು. ಊರೂರುಗಳೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಬಾಗಲಕೋಟೆಯಂಥ ಪೇಟೆಯ ಊರೇ ಅರ್ಧ ಎದ್ದು ನವನಗರವಾಯಿತು. ಸಾಹೇಬರ ಹಿರಿಯಣ್ಣನು ಮಾತ್ರ ಹುಟ್ಟಿದ ಮನೆಯನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ತೊಲೆಗಳನ್ನು ಬಿಚ್ಚಿ ಬಂಡಿಗೆ ಹೇರಿದ ದಿನ ಅವನು ಜಮಖಂಡಿಗೆ ಬಂದು, ಕಟ್ಟೆಯನ್ನು ಏರದೆ, ಅಂಗಳದಲ್ಲಿಯೇ ನಿಂತು, “ನೀ ಅಳದ ನೀರು ನಮ್ಮ ಮನೀಗೇ ಬಂತಲ್ಲೋ ತಮ್ಮಾ” ಎಂದನು. ನೀರು ಕುಡಿಯದೆ ಹೊರಟುಹೋದನು. ಮುಂದೆ ಏಳೆಂಟು ವರ್ಷ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಮದುವೆಗಳಲ್ಲಿ ಕಂಡರೆ ಒಬ್ಬರು ಎದ್ದು ಇನ್ನೊಂದು ಪಂಕ್ತಿಗೆ ಹೋಗಿ ಕೂಡ್ರುವರು.

ಸಾಹೇಬರು ಅಣೆಕಟ್ಟಿನ ವಿಷಯಕ್ಕೆ ಪಶ್ಚಾತ್ತಾಪಪಟ್ಟವರಲ್ಲ. 519.60 ಮೀಟರಿನ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ಹಿಡಿಯುವ, 290 ಮೆಗಾವಾಟು ವಿದ್ಯುತ್ತಿನ ಏರ್ಪಾಡುಳ್ಳ ಆ ಜಲಾಶಯದಿಂದ ವಿಜಾಪುರ, ರಾಯಚೂರು, ಕಲಬುರಗಿಗಳ ಒಣಭೂಮಿಗೆ ಏನಾಗುವದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ ಕಲಾಮರು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದ ಸುದ್ದಿಯನ್ನು ಅವರು ಹೆಂಡತಿಗೆ ಎರಡು ಸಲ ಓದಿ ಹೇಳಿದರು. ಹಾಗಾದರೆ ಮಾಡಿದ್ದು ಸರಿಯೇ ಎಂದು ಹಿರಿಯ ಮಗನು ಕೇಳಿದಾಗ, “ನೀರೂ ಬೇಕಾಗಿತ್ತು, ಮನಿಯೂ ಬೇಕಾಗಿತ್ತು. ಎರಡನ್ನೂ ತೂಗುವ ತಕ್ಕಡಿ ನಮ್ಮ ಇಲಾಖೆಯೊಳಗ ಇರಲಿಲ್ಲ” ಎಂದಷ್ಟೇ ಹೇಳಿದರು.

ಆದರೆ ಅಣ್ಣನು ಅಂಗಳದಿಂದ ಹೊರಟುಹೋದ ವರ್ಷವೇ ಅವರಿಗೆ ಮೂರನೆಯ ಹವ್ಯಾಸವು ಅಂಟಿಕೊಂಡಿತ್ತು. ದೊಡ್ಡ ಕಾಗದವನ್ನು ಹಲಗೆಗೆ ಬಿಗಿದು, ಮುಳುಗಿದ ಊರಿನ ನಕಾಶೆಯನ್ನು ನೆನಪಿನಿಂದ ಬರೆಯತೊಡಗಿದ್ದರು. ಸರಕಾರದ ನಕಾಶೆಯಲ್ಲಿ ಮನೆಗಳಿಗೆ ಅಂಕೆಗಳಿದ್ದವು, ಇದರಲ್ಲಿ ಹೆಸರುಗಳಿದ್ದವು. ಅಗಸಿ, ಚಾವಡಿ, ಹಗೇವುಗಳು, ಯಾರ ಮಾಳಿಗೆಯಿಂದ ಯಾರ ಮಾಳಿಗೆಗೆ ಹುಡುಗರು ದಾಟುತ್ತಿದ್ದರು, ಹೋಳಿಯ ಕಾಮಣ್ಣನನ್ನು ಎಲ್ಲಿ ಕೂಡ್ರಿಸುತ್ತಿದ್ದರು, ನೀರು ತರುವ ಹೆಂಗಸರು ಕೊಡ ಇಳಿಸುವ ಕಲ್ಲು ಯಾವುದು—ಎಲ್ಲವೂ ಅಳತೆಗೆ ಸರಿಯಾಗಿ ಬರಬೇಕು. ಮರೆತದ್ದನ್ನು ಕೇಳಲು ಪುನರ್ವಸತಿ ಕೇಂದ್ರಗಳಿಗೆ ಹೋಗುವರು. ಮುದುಕರು ಮೊದಲು ಮುಖ ತಿರುವುವರು. ಆಮೇಲೆ ಒಬ್ಬೊಬ್ಬರಾಗಿ ಹಲಗೆಯ ಸುತ್ತ ಕುಳಿತು, “ಅಲ್ರೀ ಸಾಹೇಬ್ರ, ಕಟ್ಟಿ ಇತ್ಲಾಗ ಇತ್ತು” ಎಂದು ತಿದ್ದುವರು. ನಾಲ್ಕು ಸಲ ಕಾಗದ ಬದಲಾಯಿತು. ಅಂಕೆಯಲ್ಲಿ ಎಂದೂ ತಪ್ಪದವರು ಈ ನಕಾಶೆಯಲ್ಲಿ ತಪ್ಪು ತೋರಿಸಿದವರಿಗೆಲ್ಲ ಕೈಮುಗಿಯುತ್ತಿದ್ದರು.

ಆ ನಕಾಶೆಯ ಸುದ್ದಿಯು ಅಣ್ಣನಿಗೆ ಮುಟ್ಟದೆ ಇರಲಿಲ್ಲ. ಕಲಾಮರು ಬಂದುಹೋದ ವರ್ಷದ ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಹೊಲವೇ ಇಲ್ಲದ ಮೇಲೆ ಚರಗ ಎಲ್ಲಿಗೆ? ಸಾಹೇಬರ ಹೆಂಡತಿಯು ಪ್ರತಿವರ್ಷವೂ ಸಜ್ಜಿಯ ರೊಟ್ಟಿ, ಪಲ್ಲೆ, ಕಡುಬು ಕಟ್ಟಿಕೊಂಡು, ನೀರು ನಿಂತ ಅಂಚಿಗೆ ಹೋಗಿ ಅಲ್ಲಿಯೇ ಚೆಲ್ಲಿ ಬರುತ್ತಿದ್ದಳು. ಆ ವರ್ಷ ಆಕೆಯು ಯಾರಿಗೂ ಹೇಳದೆ ನಕಾಶೆಯನ್ನೂ ಬಂಡಿಯಲ್ಲಿ ಇಡಿಸಿದಳು, ಭಾವನಿಗೂ ಹೇಳಿಕಳುಹಿಸಿದಳು. ಮುದುಕನು ಬಂದನು. ತಮ್ಮನ ಕಡೆಗೆ ನೋಡದೆ ನಕಾಶೆಯ ಮುಂದೆ ಕುಳಿತು, ಬಹಳ ಹೊತ್ತು ಬೆರಳಾಡಿಸಿ, ಕೊನೆಗೆ ತಮ್ಮ ಹಿತ್ತಲಿನ ಮೇಲೆ ಬೆರಳಿಟ್ಟು, “ಇಲ್ಲೆ ಬೇವಿನ ಗಿಡ ಬಿಟ್ಟೀದಿ” ಎಂದನು. ಸಾಹೇಬರು ಕಿಸೆಯಿಂದ ಪೆನ್ಸಿಲ್ಲು ತೆಗೆದು ಅಣ್ಣನ ಕೈಗೆ ಕೊಟ್ಟರು. ಎಂದೂ ಪೆನ್ಸಿಲ್ಲು ಹಿಡಿಯದ ಒಕ್ಕಲಿಗನು ಒಂದು ಸೊಟ್ಟ ವರ್ತುಳವನ್ನು ಬರೆದನು. ಆ ಮೇಲೆ ಇಬ್ಬರೂ ಕೂಡಿಯೇ ಉಂಡರು. ಕ್ಷಮಿಸಿದೆನೆಂದು ಅಣ್ಣನು ಹೇಳಲಿಲ್ಲ. ತಪ್ಪಾಯಿತೆಂದು ತಮ್ಮನೂ ಹೇಳಲಿಲ್ಲ. 2010ರಲ್ಲಿ ನ್ಯಾಯಾಧಿಕರಣವು ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿಯಿತ್ತಾಗ, ಮುಂದೆ ಏಳಬೇಕಾದ ಊರುಗಳ ತರುಣರು ತಮ್ಮ ಊರಿನ ನಕಾಶೆಯನ್ನು ಹೇಗೆ ಬರೆಯಬೇಕೆಂದು ಕೇಳಲು ಸಾಹೇಬರ ಬಳಿಗೆ ಬಂದರು. ಅವರಿಗೆ ಸಾಹೇಬರು ಕೊಟ್ಟ ಬುದ್ಧಿವಾದ ಒಂದೇ: “ಮೊದಲು ಮುದುಕರನ್ನು ಕೇಳಿರಿ. ಅಳತೆ ಆಮೇಲೆ.”

ಕೆಲವು ವರ್ಷಗಳ ಹಿಂದೆ, ಹೆಂಡತಿಯು ತೀರಿಕೊಂಡ ಮರುವರ್ಷ, ಸಾಹೇಬರೂ ದಿವಂಗತರಾದರು. ಅವರು ಬಿಟ್ಟುಹೋದ ಆಸ್ತಿಯ ಪಟ್ಟಿ ಚಿಕ್ಕದು: ಒಂದು ಮನೆ, ಮಳೆಯ ವಹಿಗಳು, ಯಾರೂ ಒಯ್ಯಲು ಬಾರದ ಎರಡು ಗಡಿಯಾರಗಳು, ಗೋಡೆಯ ಮೇಲಿನ ಆ ನಕಾಶೆ. ಅದರ ಮೇಲೆ ಎಲ್ಲ ಗೆರೆಗಳೂ ಪಟ್ಟಿ ಹಿಡಿದು ಎಳೆದಂಥವು. ಹಿತ್ತಲಿನ ಬೇವಿನ ಗಿಡ ಒಂದು ಮಾತ್ರ ಸೊಟ್ಟ. ಅದನ್ನು ತಿದ್ದಿ ಬರೆಯಬೇಕೆಂದು ಅವರಿಗೆ ಎಂದೂ ಅನಿಸಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ದಂಡೆ ಮೀರಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಸೀಮೆಯ ಎಷ್ಟೋ ಊರುಗಳನ್ನು ಹೊಕ್ಕವು. ಆ ಗದ್ದಲದ ದಿನಗಳಲ್ಲಿಯೂ ಮುಂಜಾನೆ ಎಂಟೂವರೆಗೆ ಸಾಹೇಬರ ಸೊಸೆಯು ಸೆರಗು ಸಿಕ್ಕಿಸಿ ಅಂಗಳಕ್ಕೆ ಬಂದು, ಸೀಸೆಯನ್ನು ತೆಗೆದು, ಗಾಜಿನ ಪಾತ್ರೆಗೆ ಸುರುವಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ವಹಿಯಲ್ಲಿ ಬರೆದಳು. ಕಣ್ಣಿನ ಮಟ್ಟಕ್ಕೆ ಹಿಡಿಯದಿದ್ದರೆ ಅಳತೆ ತಪ್ಪುತ್ತದೆಂದು ಆಕೆಗೆ ಕಲಿಸಿದವರು ಮಾವನವರೇ.